ನಾಲ್ಕು ಬೆರಳು ಕೆಳಗಿನ ಹ್ಯಾಂಡಲ್

ಆ ಗುಂಗುರು ಕೂದಲಿನ ಡಿಸೈನರ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನ ಆಫೀಸಿಗೇ ನುಗ್ಗಿ ‘ಕಳ್ಳ’ ಎಂದು ಕೂಗಿದರೆ ಆ ಮಹಾನುಭಾವ ತಿರುಗಿ ಬೈಯಲಿಲ್ಲ. ಕುಡಿಯಲು ನೀರು ಕೊಟ್ಟ! ಜಗಳಕ್ಕೆಂದೇ ಹೋದವನಿಗೆ ಇದಕ್ಕಿಂತ ಅವಮಾನ ಉಂಟೆ?

ನಾನು ಬಡಗಿ. ಓದಿದ್ದು ಐದನೆಯ ತರಗತಿ. ಆರನೆಯದರ ಬಾಗಿಲು ಮುಟ್ಟಿ ನೋಡಿ, ಮರ ಚೆನ್ನಾಗಿಲ್ಲವೆಂದು ವಾಪಸು ಬಂದವನು. ಆದರೆ ಮೂವತ್ತು ವರ್ಷ ಎಂತೆಂಥ ಡಿಸೈನರುಗಳಿಗೆ ಕಪಾಟು ಮಾಡಿಕೊಟ್ಟಿದ್ದೇನೆ! ಆದ್ದರಿಂದ, ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರದಿಂದ ಕೋಣೆಗಳ ಫೋಟೊ ತುಂಬಿದ ಹಳೆಯ ಪತ್ರಿಕೆಯೊಂದನ್ನು ತಂದಾಗ ಎದೆ ಸೆಟೆಸಿ ಹೇಳಿದೆ:

“ಡಿಸೈನರ್ ಹೆಸರು ಮುಚ್ಚಿ ತೋರ್ಸು. ಯಾವ ಕೋಣೆ ಯಾರದ್ದು ಅಂತ ಹೇಳದೇ ಇದ್ರೆ ಇನ್ನು ಉಳಿ ಮುಟ್ಟಲ್ಲ!”

ಅವಳು ಹೆಸರಿನ ಮೇಲೆ ಹೆಬ್ಬೆರಳಿಟ್ಟಳು.

“ಇದು?”

“ಗಾಜಿನಮ್ಮ. ಬಚ್ಚಲಿಗೂ ಗಾಜಿನ ಗೋಡೆ ಇಡೋಳು ಅವಳೊಬ್ಬಳೇ.”

“ಇದು?”

“ಬಿಳೀ ಸಾಹೇಬ. ಬೇರೆ ಬಣ್ಣ ಕಂಡ್ರೆ ಅವನಿಗೆ ಜ್ವರ ಬರುತ್ತೆ.”

ಎರಡೂ ಸರಿ! ಹೆಂಡತಿಯ ಕಣ್ಣಲ್ಲಿ ಮದುವೆಯಾದ ಮೇಲೆ ಮೊದಲ ಸಲ ಗೌರವ ಕಂಡೆ.

ಮೂರನೆಯದು ಮಲಗುವ ಕೋಣೆ. ಕಡುಹಸಿರು ಕಪಾಟು, ಬಾಗಿಲ ನಡುಮಧ್ಯಕ್ಕಿಂತ ನಾಲ್ಕು ಬೆರಳು ಕೆಳಗೆ ಹ್ಯಾಂಡಲ್, ಉಜ್ಜಿ ದುಂಡಗೆ ಮಾಡಿದ ಮೂಲೆ. ಆಗ ಹನ್ನೊಂದು ವರ್ಷದಿಂದ ನನಗೆ ಕೆಲಸ ಕೊಡುತ್ತಿದ್ದ ಡಿಸೈನರ್ ಮೇಡಂ ಅವರ ಶೈಲಿಯೇ!

“ನಮ್ಮ ಮೇಡಂದು! ಕಣ್ಣು ಕಟ್ಟಿದ್ರೂ ಹೇಳ್ತೀನಿ!”

ಹೆಬ್ಬೆರಳು ಸರಿಯಿತು. ಆ ಗುಂಗುರು ಕೂದಲಿನವನ ಹೆಸರು!

“ಕದ್ದಿದ್ದಾನೆ ಕಣೇ!”

“ರೀ, ಮೊದ್ಲು ಮೇಡಂಗೊಂದು ಫೋನ್ ಮಾಡಿ.”

“ಮನೆಗೆ ಬೆಂಕಿ ಬಿದ್ದಾಗ ಯಾರಾದ್ರೂ ಫೋನ್ ಮಾಡ್ಕೊಂಡು ಕೂರ್ತಾರೇನೇ?”

“ಬೆಂಕಿ ಬಿದ್ದಾಗ್ಲೇ ಮಾಡೋದು!”

ಅಷ್ಟರಲ್ಲಿ ನಾನು ಬೀದಿಯಲ್ಲಿದ್ದೆ.

ಗುಂಗುರಿನ ಆಫೀಸಿನಲ್ಲಿ ಗಂಡ ಹೆಂಡತಿ ಇಬ್ಬರು ತಮ್ಮ ಹೊಸ ಮನೆಯ ಕೆಲಸ ಒಪ್ಪಿಸಲು ಕೂತಿದ್ದರು. ಸಹಿಗೆ ಪೆನ್ನು ಕಾಗದ ಮುಟ್ಟಿತ್ತು. ಪತ್ರಿಕೆಯನ್ನು ಮೇಜಿಗೆ ಬಡಿದೆ.

“ಕಳ್ಳ! ಮೇಡಂ ಕೋಣೆ ಕದ್ದು ನಿನ್ನ ಹೆಸರು ಹಾಕ್ಕೊಂಡಿದ್ದೀಯಾ?”

ಪೆನ್ನು ಜೇಬು ಸೇರಿತು. “ಯೋಚನೆ ಮಾಡಿ ಹೇಳ್ತೀವಿ” ಎಂದು ದಂಪತಿ ಎದ್ದು ಹೋದರು. ಆಗಲೇ ಆ ಹಾಳು ನೀರು ಬಂದದ್ದು.

“ಏನು ನೋಡಿ ಹೇಳ್ತಿದ್ದೀರಿ ಅಣ್ಣಾ?”

“ಈ ಹ್ಯಾಂಡಲ್! ಈ ಮೂಲೆ!”

ಅವನು ಮೇಡಂಗೆ ಫೋನ್ ಮಾಡಿ, ವಿಷಯ ಹೇಳಿ, ನನಗೂ ಕೇಳುವಂತೆ ಮೇಜಿನ ಮೇಲಿಟ್ಟ.

“ನನ್ನ ಡ್ರಾಯಿಂಗಲ್ಲಿ ಹ್ಯಾಂಡಲ್ ನಡುಮಧ್ಯಕ್ಕೇ ಇರುತ್ತಲ್ಲ!” ಎಂದರು ಮೇಡಂ. “ನೀವು ಸ್ವಲ್ಪ ಗಿಡ್ಡ. ನಿಮ್ಮ ಕೈಗೆ ಹಿತವಾಗೋ ಕಡೆ ಇಳಿಸ್ಕೊಂಡು ಬರ್ತೀರಿ. ಹೇಳಿದ್ರೆ ಉಳಿ ಎಸೆದು ಹೋಗ್ತೀರಿ ಅಂತ ಹನ್ನೊಂದು ವರ್ಷ ಸುಮ್ನಿದ್ದೆ. ಆ ದುಂಡು ಮೂಲೆನೂ ನಿಮ್ಮದೇ.”

ಗುಂಗುರು ಮೆಲ್ಲಗೆ ಹೇಳಿದ: “ಇದನ್ನೂ ನೀವೇ ಮಾಡಿದ್ದು ಅಣ್ಣಾ. ಎರಡು ವರ್ಷದ ಹಿಂದೆ ಆರು ಬಾಗಿಲಿನ ಕಪಾಟು ನಿಮ್ಮ ಶೆಡ್ಡಿಂದ ಕಳಿಸಿದ್ರಲ್ಲ? ಹಸಿರು ಬಣ್ಣ ಆಮೇಲೆ ನಾವು ಹೊಡೆಸಿದ್ದು.”

ಆರು ಬಾಗಿಲು ನೆನಪಾಯಿತು. ಆ ಕೋಣೆಯನ್ನು ಮಾತ್ರ ನಾನು ಕಂಡೇ ಇರಲಿಲ್ಲ!

ಮನೆಗೆ ಬಂದೆ.

“ಕಳ್ಳ ಸಿಕ್ಕಿದ್ನಾ?”

“ಸಿಕ್ಕಿದ.”

“ಯಾರಂತೆ?”

“ಊಟಕ್ಕೆ ಹಾಕು!” ಎಂದು ಗುಡುಗಿದೆ.

ಈಗ ಇಬ್ಬರು ಡಿಸೈನರುಗಳೂ ನನಗೆ ಕೊಡುವ ಡ್ರಾಯಿಂಗಿನಲ್ಲಿ ಹ್ಯಾಂಡಲನ್ನು ನಾಲ್ಕು ಬೆರಳು ಮೇಲಕ್ಕೇ ಬರೆಯುತ್ತಾರೆ. ನಾನು ಕೂಡಿಸಿದಾಗ ಅದು ಸರಿಯಾಗಿ ನಡುಮಧ್ಯಕ್ಕೆ ಬಂದು ಕೂರುತ್ತದೆ. ಎಂಥ ಮೋಸ!

ಅವತ್ತು ಹೊರಡುವಾಗ ಗುಂಗುರು ಆ ದಂಪತಿಯ ನಂಬರು ಬರೆದುಕೊಟ್ಟು, “ನೀವು ತಪ್ಪು ತಿಳ್ಕೊಂಡಿದ್ರಿ ಅಂತ ಅವರಿಗೊಂದು ಮಾತು ಹೇಳ್ಬಿಡಿ ಅಣ್ಣಾ, ಸಾಕು” ಎಂದಿದ್ದ. “ನಾಳೆ ಹೇಳ್ತೀನಿ” ಎಂದಿದ್ದೆ. ಅವರು ಬೇರೆ ಯಾರಿಂದಲೋ ಕೆಲಸ ಮಾಡಿಸಿಕೊಂಡು ಆ ಮನೆಯಲ್ಲಿ ಕೂತು ಮೂರು ವರ್ಷವಾಯಿತು. ಚೀಟಿ ಇನ್ನೂ ನನ್ನ ಜೇಬಿನಲ್ಲೇ ಇದೆ.