ಹಾಸಿಗೆ ಹೊದ್ದ ಕಂಚಿನ ಕಂಠ

ಎಲ್ಲ ರಾಮಾಯಣಕ್ಕೂ ಮೂಲ, ಬೆಳಿಗ್ಗೆ ಮೊಬೈಲಿಗೆ ಬಂದ ಎರಡು ಸಾಲು: "ಕತೆಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಲು ಒಳ್ಳೆಯ ದನಿ ಬೇಕಾಗಿದೆ. ಇಂದು ಸಂಜೆ ನಾಲ್ಕರೊಳಗೆ ಮಾದರಿ ಕಳುಹಿಸಿ."

ಹನ್ನೊಂದು ವರ್ಷದಿಂದ ಬಟ್ಟೆ ಅಂಗಡಿಯ ಬಾಗಿಲಲ್ಲಿ ಮೈಕು ಹಿಡಿದು, "ಬನ್ನಿ ಬನ್ನಿ, ಅರ್ಧಕ್ಕರ್ಧ ರಿಯಾಯಿತಿ" ಎಂದು ಅರಚಿ ಅರಚಿ ಬಿಸಿಲಿಗೆ ಸುಟ್ಟ ಬದನೆಕಾಯಿಯಂತಾಗಿದ್ದ ಕಂಚಿನ ಕಂಠನಿಗೆ ಇದು ಬಾಗಿಲು ತಟ್ಟಿದ ಭಾಗ್ಯ. ಆ ಬಿರುದನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಕೊಡುವವರಿಗಾಗಿ ಕಾದೂ ಕಾದೂ ಬೇಸತ್ತು ತಾನೇ ಇಟ್ಟುಕೊಂಡಿದ್ದ. ಈ ಕೆಲಸ ಸಿಕ್ಕರೆ ಬಿಸಿಲಿಗೂ ಅಂಗಡಿಯ ಧಣಿಗೂ ಒಟ್ಟಿಗೇ ಕೈಮುಗಿಯಬಹುದು. ಸಿಗದಿದ್ದರೆ ನಾಳೆ ಒಂಬತ್ತಕ್ಕೆ ಮತ್ತದೇ ಬಾಗಿಲು. ಅಂಗಡಿಗೆ ಫೋನು ಮಾಡಿ, "ಭಯಂಕರ ಹೊಟ್ಟೆನೋವು" ಎಂದ. ಇಡೀ ಕಟ್ಟಡಕ್ಕೆ ಕೇಳಿಸಿತು.

ಬಿಡಿಗಾಸು ಬಿಚ್ಚದೆ, ಜಗತ್ತಿನ ಸ್ಟುಡಿಯೋಗಳೆಲ್ಲ ತಲೆತಗ್ಗಿಸುವಂಥ ಸ್ಟುಡಿಯೋ ಒಂದನ್ನು ಅವನು ಒಂದೇ ಗಂಟೆಯಲ್ಲಿ ಕಟ್ಟಿದ. ಊಟದ ಮೇಜಿನ ಸುತ್ತ ಗೋಡೆಯಾಗಿ ಅಮ್ಮನ ಹಾಸಿಗೆ, ಮೇಲೆ ಮನೆಯ ಅಷ್ಟೂ ಕಂಬಳಿ. ಉಸಿರು ಬಡಿಯದಿರಲೆಂದು ಮೊಬೈಲಿನ ಮೈಕಿಗೆ ತನ್ನ ಕಾಲುಚೀಲ ತೊಡಿಸಿದ. ಒಗೆದದ್ದಲ್ಲ.

"ಲೋ, ನನ್ನ ಹಾಸಿಗೆ ಯಾಕೋ ಎಳ್ಕೊಂಡೆ? ನಾನೆಲ್ಲಿ ಮಲಗ್ಲಿ?" ಎಂದರು ಅಮ್ಮ.

"ಕಲೆಗೋಸ್ಕರ ಇವತ್ತೊಂದಿನ ಕೂತ್ಕೋ ಅಮ್ಮಾ. ಆ ಕುರ್ಚಿ ಬೇಡ, ಕಿರ್ ಅನ್ನುತ್ತೆ. ಕೆಮ್ಮಬೇಡ. ಮಾತಂತೂ ಆಡ್ಲೇಬೇಡ."

"ಕೆಮ್ಮು ನಿನ್ನ ಅಪ್ಪಣೆ ಕೇಳ್ಕೊಂಡು ಬರುತ್ತೇನೋ?"

ಸದ್ದಾಗುತ್ತದೆಂದು ಫ್ಯಾನು ಆರಿಸಿದ, ಫ್ರಿಜ್ ಆರಿಸಿದ, ಮೇಜಿನಡಿ ತೂರಿಕೊಂಡ. ಒಳಗಿನ ಸೆಖೆಗೆ ಅಕ್ಕಿ ಇಟ್ಟಿದ್ದರೆ ಅನ್ನವಾಗುತ್ತಿತ್ತು. ಗಂಟಲು ಸರಿಮಾಡಿಕೊಂಡು ಓದಿದ: "ಅವಳು ಕಿಟಕಿಯ ಬಳಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು!" ಆ ಅಳುವಿಗೂ ಅರ್ಧಕ್ಕರ್ಧ ರಿಯಾಯಿತಿ ಇದ್ದಂತೆ ಕೇಳಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಕಂಚಿನ ಕಂಠ ಕಿಟಕಿಗೆ ಓಡಿದ. "ಅಕ್ಕಾ, ನಾಲ್ಕು ಗಂಟೆವರೆಗೆ ಕುಕ್ಕರ್ ಇಡಬೇಡಿ!"

ಪಕ್ಕದ ಮನೆಯಾಕೆಗೆ ಕಟ್ಟಡದಲ್ಲಿ ಪ್ರಶ್ನೆಪತ್ರಿಕೆ ಎಂದೇ ಹೆಸರು. "ಯಾಕೆ? ಏನಾಯ್ತು? ಹೊಟ್ಟೆನೋವಿಗೂ ಕುಕ್ಕರ್‌ಗೂ ಏನು ಸಂಬಂಧ? ನಮಗೆ ಊಟ ನೀವು ಹಾಕ್ತೀರಾ?"

ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯಂತೆ ಅವನು ಮತ್ತೆ ಮೇಜಿನಡಿ ಸೇರಿದ. ಇತ್ತ, ಆರಿಸಿದ ಫ್ರಿಜ್ಜಿನ ಮಂಜುಗಡ್ಡೆ ಕರಗಿ, ನೀರು ಬಾಗಿಲು ದಾಟಿ, ಪ್ರಶ್ನೆಪತ್ರಿಕೆಯ ಹೊಸ್ತಿಲಿಗೇ ಹೋಗಿ ನಿಂತಿತು. ಆಕೆ ಮಹಡಿಯ ಮೇಷ್ಟ್ರನ್ನೂ ಕರೆದುಕೊಂಡು ಒಳಗೆ ನುಗ್ಗಿದಳು. ಮಾತಾಡಬಾರದ ಅಮ್ಮ ಎರಡೂ ಕೈ ಆಡಿಸಿದರು. ಕಂಬಳಿಗಳ ಗುಡ್ಡೆಯೊಳಗಿಂದ ಏನೋ ನರಳುತ್ತಿತ್ತು.

"ಅಯ್ಯೋ ಮೇಷ್ಟ್ರೇ, ಹೊಟ್ಟೆನೋವು ಜಾಸ್ತಿಯಾಗಿ ಹೋಗೇಬಿಟ್ರಾ?"

"ಕಾಲು ಬಿಸಿ ಇದೆ, ಜೀವ ಇದೆ!" ಎಂದು ಮೇಷ್ಟ್ರು ಸಿಕ್ಕಿದ ಕಾಲನ್ನು ಹಿಡಿದು ಎಳೆದರು. ಜಗತ್ತಿನ ಅತ್ಯುತ್ತಮ ಸ್ಟುಡಿಯೋ ಅದರ ಮಾಲೀಕನ ಮೇಲೆಯೇ ಕುಸಿಯಿತು.

ವಿಷಯ ತಿಳಿಸಿ, ಕೈಕಾಲು ಹಿಡಿದು, ಮತ್ತೆ ಎಲ್ಲ ಕಟ್ಟುವಷ್ಟರಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಮೂವರೂ ಗೋಡೆಗೆ ಒರಗಿ, ಬಾಯಿಗೆ ಕೈ ಒತ್ತಿ ಕೂತರು. ನೊಣ ಕೂಡ ಹಾರಲು ನಾಚಿಕೊಂಡಿತು. ಒಂದು ತಪ್ಪಿಲ್ಲದೆ, ಒಂದು ಉಸಿರೂ ಕೇಳಿಸದೆ ಓದಿ, ನಾಲ್ಕಕ್ಕೆ ಒಂದು ನಿಮಿಷವಿರುವಾಗ ಕಳುಹಿಸಿಯೂ ಬಿಟ್ಟ.

ಐದೇ ನಿಮಿಷಕ್ಕೆ ಉತ್ತರ ಬಂತು: "ಕ್ಷಮಿಸಿ. ನಮಗೆ ಕಂಪ್ಯೂಟರ್ ದನಿ ಬೇಡ. ಮನುಷ್ಯರು ಓದಿದ್ದು ಬೇಕು."

ಕಂಚಿನ ಕಂಠ ಉರಿದುಬಿದ್ದು ಫೋನು ಮಾಡಿದ. ಸ್ಪೀಕರ್ ಹಾಕಿದ, ಎಲ್ಲರಿಗೂ ಕೇಳಲಿ ಎಂದು. "ನಮಸ್ಕಾರ! ತಾವು ತಿರಸ್ಕರಿಸಿದ ಕಂಠದ ಮಾಲೀಕ ಮಾತನಾಡುತ್ತಿದ್ದೇನೆ!"

ಆ ಕಡೆ ಒಂದು ಹುಡುಗಿ ಕಿರುಚಿದಳು. "ಸಾರ್, ಬೇಗ ಬನ್ನಿ, ಮೆಷಿನ್ನೇ ಫೋನ್ ಮಾಡಿದೆ!"

"ನಾನು ಮನುಷ್ಯ ರೀ! ದೇವರಾಣೆ!" ಅವನಿಗೆ ಅಳುವೇ ಬಂತು.

"ಅಳೋದನ್ನೂ ಕಲಿಸಿಬಿಟ್ಟಿದ್ದಾರೆ," ಎಂದಿತು ಒಂದು ಗಂಡುದನಿ. "ಆದ್ರೆ ಅಳು ಸ್ವಲ್ಪ ಕೃತಕ. ನೋಡು, ಅಲ್ಲಿ ಮನುಷ್ಯರು ಯಾರಾದ್ರೂ ಇದ್ರೆ ಫೋನ್ ಕೊಡು."

ಅವನು ಫೋನನ್ನು ಅಮ್ಮನ ಮುಂದೆ ಹಿಡಿದ. "ಅಮ್ಮಾ, ನಿನ್ನ ದಮ್ಮಯ್ಯ, ನಾನು ಮನುಷ್ಯ ಅಂತ ಒಂದೇ ಒಂದು ಮಾತು ಹೇಳಮ್ಮಾ."

ಅಮ್ಮ ಮೊದಲು, ಬೆಳಿಗ್ಗೆಯಿಂದ ನುಂಗಿದ್ದ ಅಷ್ಟೂ ಕೆಮ್ಮನ್ನು ತೃಪ್ತಿಯಾಗಿ ಕೆಮ್ಮಿದರು. ಆಮೇಲೆ ಫೋನಿಗೆ ಬಾಯಿಟ್ಟರು.

"ಕೇಳಪ್ಪಾ. ಬೆಳಗಿಂದ ನಂಗೆ ಹಾಸಿಗೆ ಇಲ್ಲ, ಫ್ಯಾನಿಲ್ಲ, ಬಾಯಿ ಬಿಡೋ ಹಾಗಿಲ್ಲ. ಇವನು ಮನುಷ್ಯನಾ? ಹೆತ್ತವಳು ಹೇಳ್ತಿದೀನಿ, ಅಲ್ವೇ ಅಲ್ಲ!"

"ತುಂಬಾ ಥ್ಯಾಂಕ್ಸ್ ಅಮ್ಮ," ಎಂದಿತು ಆ ಕಡೆಯ ದನಿ. "ನಮಗೆ ಮೊದಲೇ ಗೊತ್ತಾಗಿತ್ತು. ನೀವು ಅದರ ಸ್ವಿಚ್ ಆಫ್ ಮಾಡಿ, ಆರಾಮಾಗಿ ಮಲ್ಕೊಳ್ಳಿ."