ನನ್ನ ಗ್ಯಾಲಕ್ಸಿಯ ತೂಕ

ನಾನು ಕೋಲಾರದ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ. ಪಾಠದ ಜೊತೆಗೆ ಎಂಟು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೇನೆ, ಅಂದರೆ ಮುಗಿಸಲಾಗದೆ ಒದ್ದಾಡುತ್ತಿದ್ದೇನೆ. ದೂರದ ಒಂದು ಭಾರೀ ಗ್ಯಾಲಕ್ಸಿಯ ತೂಕ ಕಂಡುಹಿಡಿಯಬೇಕು. ಇಂಥ ಕೆಲಸ ಹಿಡಿದವರನ್ನು ಅವಮಾನಗಳು ವಿಳಾಸ ಕೇಳಿಕೊಂಡು ಬರುತ್ತವೆ. ಅತ್ತು ಮುಗಿಸಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

೧. ಮಾವಿನ ತೋಪಿನಲ್ಲಿ

ಶ್ರೀನಿವಾಸಪುರದಲ್ಲಿರುವ ನನ್ನ ಸೋದರಮಾವ ಮಾವಿನ ವ್ಯಾಪಾರಿ. ತೋಪಿನ ಬದುವಿನ ಮೇಲೆ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಎಷ್ಟು ಟನ್ ಹಣ್ಣು ಇಳಿಯುತ್ತದೆ ಅಂತ ಹೇಳಿಬಿಡುತ್ತಾರೆ.

"ನೀನು ಹೆಂಗೆ ತೂಗ್ತೀಯ?" ಅಂದರು.

ಹೇಳಿದೆ. ಭಾರೀ ಗ್ಯಾಲಕ್ಸಿಯ ಹಿಂದೆ, ಬಹಳ ದೂರದಲ್ಲಿ ಇನ್ನೊಂದು ಗ್ಯಾಲಕ್ಸಿ ಇರುತ್ತದೆ. ಅದರ ಬೆಳಕು ಮುಂದಿನದರ ಪಕ್ಕ ಹಾದು ಬರುವಾಗ ಬಾಗಿ, ನಮಗೆ ಬಳೆಯ ಹಾಗೆ ಕಾಣುತ್ತದೆ. ಬಳೆ ಅಳೆದರೆ ಮುಂದಿನದರ ತೂಕ ಸಿಗುತ್ತದೆ.

ಮಾವನಿಗೆ ಖುಷಿಯಾಯಿತು. "ನಮ್ದೂ ಅದೇ ಕಸುಬು ಬಿಡು, ಕಣ್ಣಂದಾಜು. ಎಷ್ಟು ಹೆಚ್ಚುಕಮ್ಮಿ ಬರುತ್ತೆ?"

"ಬಳೆ ಒಳಗಿರೋದರ ತೂಕ ಸರಿಯಾಗೇ ಬರುತ್ತೆ ಮಾವ. ಒಟ್ಟು ತೂಕ ಅಂದ್ರೆ… ಅರ್ಧ ಆಗಬಹುದು, ಎರಡರಷ್ಟೂ ಆಗಬಹುದು. ಅದರಲ್ಲಿ ಬಹುಪಾಲು ಕಣ್ಣಿಗೇ ಕಾಣಲ್ಲ."

ಮಾವ ಸ್ವಲ್ಪ ಹೊತ್ತು ಮರ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಕಾಣದೇ ಇರೋ ಹಣ್ಣೂ ತೂಕಕ್ಕೆ ಹಾಕ್ತೀಯಾ? ಇದನ್ನ ಮಂಡೀಲಿ ಮಾತ್ರ ಹೇಳ್ಬೇಡ ಕಣೇ, ಹೊಡೀತಾರೆ."

೨. ವೈನ್ ಗ್ಲಾಸು

ಆ ಬಳೆಯನ್ನು ಮಕ್ಕಳಿಗೆ ತೋರಿಸಲು ಸುಲಭದ ದಾರಿಯೊಂದಿದೆ. ವೈನ್ ಗ್ಲಾಸಿನ ಕಾಲು ಮುರಿದು, ಅಡಿಯ ಗಾಜಿನ ಬಿಲ್ಲೆಯ ಮೂಲಕ ಕಾಗದದ ಮೇಲಿನ ಚುಕ್ಕೆಯನ್ನು ನೋಡಿದರೆ, ಚುಕ್ಕೆ ಬಳೆಯಾಗುತ್ತದೆ.

ದೇವರಾಯಸಮುದ್ರದ ಹತ್ತಿರ ಒಂದು ಶಾಲೆಯಲ್ಲಿ ಭಾಷಣಕ್ಕೆ ಕರೆದಿದ್ದರು. ಗ್ಲಾಸು ತರಲು ನನ್ನ ಗಂಡನನ್ನು ಮುಳಬಾಗಿಲಿನ ಬಾರಿಗೆ ಕಳಿಸಿದೆ. ಅವರು ಮಾಲೂರಿನಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಹೋಗಿ ತಂದರು.

ಮಕ್ಕಳು ಸಾಲಾಗಿ ಬಂದು ಬಳೆ ನೋಡಿ ಕೂಗಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಕೊನೆಗೂ ಯಾರಿಗೋ ಅರ್ಥವಾಯಿತಲ್ಲ! ಹೆಡ್‌ಮಾಸ್ಟರು ಮಾತ್ರ ನನ್ನ ಕೈಯಲ್ಲಿದ್ದ ಮುರಿದ ಗ್ಲಾಸನ್ನೇ ನೋಡುತ್ತಿದ್ದರು. ವಂದನಾರ್ಪಣೆಗೆ ಎದ್ದವರು ಗದ್ಗದರಾದರು.

"ಮಕ್ಕಳೇ, ಮೇಡಂ ಅವರನ್ನು ನೋಡಿ ಕಲಿಯಿರಿ. ಚಟ ಬಿಟ್ಟಿದ್ದಷ್ಟೇ ಅಲ್ಲ, ಆ ಗ್ಲಾಸನ್ನೇ ಮುರಿದು ವಿಜ್ಞಾನಕ್ಕೆ ಕೊಟ್ಟಿದ್ದಾರೆ."

ಆವತ್ತು ಬಿದ್ದಷ್ಟು ಚಪ್ಪಾಳೆ ನನಗೆ ಇನ್ನೆಲ್ಲೂ ಬಿದ್ದಿಲ್ಲ.

೩. ಒಂದಲ್ಲ, ಎರಡು

ಪ್ರಬಂಧ ಒಪ್ಪಿಸಲು ಕೊನೆಯ ಅವಕಾಶ, ಇನ್ನು ಎರಡೇ ವಾರ. ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಗೈಡ್ ಫೋನ್ ಮಾಡಿದರು. ಬೇರೆ ದೇಶದವರು ದೊಡ್ಡ ಟೆಲಿಸ್ಕೋಪಿನಿಂದ ನನ್ನ ಗ್ಯಾಲಕ್ಸಿಯ ಹೊಸ ಫೋಟೋ ತೆಗೆದಿದ್ದರಂತೆ. ಅದು ಒಂದು ಗ್ಯಾಲಕ್ಸಿಯಲ್ಲ, ಒಂದರ ಹಿಂದೊಂದು ನಿಂತ ಎರಡು. ನಾನು ಹಾಕಿದ ತೂಕವೆಲ್ಲ ತಪ್ಪು.

"ಎರಡಾ ಸಾರ್? ಒಂದರ ಹಿಂದೆ ಒಂದು ಅಡಗಿತ್ತಾ? ಅಯ್ಯೋ, ಈಗ ಹೇಳಿದ್ರೆ ನಾನೇನ್ ಮಾಡ್ಲಿ?" ಅಂತ ಜೋರಾಗಿ ಅಳತೊಡಗಿದೆ.

ಸ್ಟಾಫ್ ರೂಮಿಗೆ ಕೇಳಿಸಿದ್ದು ನನ್ನ ಮಾತು ಮಾತ್ರ. ಕಾಫಿ ತಂದ ತೆಲುಗಿನ ಅಟೆಂಡರಮ್ಮ ಕಪ್ಪು ಕೆಳಗಿಟ್ಟು, "ಅಯ್ಯೋ ನಾ ತಲ್ಲಿ, ಅವಳಿ ಮಕ್ಕಳಾ!" ಅಂತ ನನ್ನ ತಲೆ ಸವರಿದರು. ನನಗೆ ನಲವತ್ತಾರು ವಯಸ್ಸು, ಮಗಳು ಪಿಯುಸಿ. ಅಳುವಿನಲ್ಲಿ ಅವರ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ. ಪ್ರಿನ್ಸಿಪಾಲರು ಬಂದು, "ಧೈರ್ಯವಾಗಿರಿ ಮೇಡಂ, ರಜೆ ವಿಚಾರ ನನಗೆ ಬಿಡಿ" ಅಂದರು. ಗ್ಯಾಲಕ್ಸಿಗೂ ರಜೆ ಕೊಡುತ್ತಾರಲ್ಲ, ಎಂಥ ದೊಡ್ಡ ಮನುಷ್ಯ ಅಂದುಕೊಂಡು ಕೈಮುಗಿದೆ.

ಸಂಜೆ ನನ್ನ ಗಂಡ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. ಕಾಲೇಜಿನಿಂದ ಯಾರೋ ಫೋನ್ ಮಾಡಿದ್ದರಂತೆ.

"ಎರಡಂತೆ?" ಅಂದರು, ಸಣ್ಣ ದನಿಯಲ್ಲಿ.

"ಹೂಂ" ಅಂದೆ. ಮತ್ತೆ ಅಳು ಬಂತು. "ಎಂಟು ವರ್ಷದಿಂದ ಒಂದೇ ಅಂದ್ಕೊಂಡಿದ್ದೆ ಕಣ್ರೀ."

ಗಂಡ ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತರು.

"ಎಂಟು ವರ್ಷದಿಂದಾನಾ?"