ಸಾವಿರದ ಹತ್ತೊಂಬತ್ತು ಕುರ್ಚಿ

ಬಲ್ಬು ಬದಲಿಸಲು ಹತ್ತಿದ ಕುರ್ಚಿಯ ಕಾಲು ಲಟಕ್ಕೆಂದು ಮುರಿದು ಊರೆಲ್ಲ ‘ಗಡಿಬಿಡಿ’ ಎಂದೇ ಕರೆಯುವ ಆಳು ನೆಲಕ್ಕೆ ಬಿದ್ದ. ಸೊಂಟ ಉಳಿಯಿತು, ಕೆಲಸ ಅಲ್ಲಾಡಿತು.

ಸಭಾಭವನ ಗುಡಿಸಿ ಕುರ್ಚಿ ಹಾಕುವುದು ಅವನ ಕೆಲಸ. ಇದ್ದದ್ದು ಸಾವಿರದ ಇಪ್ಪತ್ತು ನೀಲಿ ಕುರ್ಚಿ. ಸಾಲಿಗೆ ಮೂವತ್ತು, ಮೂವತ್ತನಾಲ್ಕು ಸಾಲು, ಗೆರೆ ಎಳೆದ ಹಾಗೆ.

“ಮುರಿದದ್ದನ್ನ ಎಸಿ. ಹೊಸದು ಗಿಸದು ಇಲ್ಲ,” ಎಂದರು ಧಣಿ ಫೋನಿನಲ್ಲಿ. “ಉಳಿದದ್ದಷ್ಟೂ ಹಾಕು, ಸಾಲೆಲ್ಲ ಸಮ ಇರ್ಬೇಕು. ಸಂಜೆ ಬರ್ತೀನಿ. ಒಂದು ಕುರ್ಚಿ ಕಮ್ಮಿಯಾದ್ರೂ, ಒಂದು ಮಿಕ್ಕಿದ್ರೂ ನೀನು ಮನೆಗೆ.”

ಕೂತು ಸವೆಸುವವನಿಗೆ ಹೊರುವವನ ಬೆನ್ನು ಯಾಕೆ ಗೊತ್ತಾಗಬೇಕು! ಗಡಿಬಿಡಿಗೆ ಮನೆಯೆಂದರೆ ಅತ್ತೆಯ ಮನೆ. ಈ ಕೆಲಸವೂ ಹೋದರೆ ಅಲ್ಲಿ ತಟ್ಟೆ ಹಾಕುವವರಿಲ್ಲ.

ಮುರಿದ ಕುರ್ಚಿ ಹೊತ್ತು ಹಿತ್ತಲಿನ ಬಡಗಿಯ ಹತ್ತಿರ ಹೋದ. “ಇವತ್ತು ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ, ಅಲ್ಲೇ ಬಿಸಾಕು,” ಎಂದ ಬಡಗಿ.

ಇಪ್ಪತ್ತೊಂಬತ್ತರಂತೆ ಹಾಕಿದ. ನಾಲ್ಕು ಮಿಕ್ಕಿ ಮೂಲೆಯಲ್ಲಿ ಹಲ್ಲು ಕಿರಿದವು. ಪಕ್ಕದಂಗಡಿಯ ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ಬಂದ: “ಹದಿನೇಳರಂತೆ ಹಾಕೋ, ಅಳತೆಗೆ ಕೂರತ್ತೆ.” ಬೆವರು ಸುರಿಸಿ ಎಳೆದ. ಹದಿನಾರು ಮಿಕ್ಕವು.

“ಛೆ, ಒಂದೇ ಒಂದು ಕಮ್ಮಿ! ಅಂಚು ಮಡಚಿ ಹೊಲಿದ್ಬಿಡು!”

ಎದುರು ಮನೆಯ ಗಣಿತದ ಮೇಷ್ಟ್ರು ಕಿಟಕಿಯಿಂದ ನೋಡಿ ನೋಡಿ ತಡೆಯಲಾರದೆ ಓಡಿಬಂದರು. “ಅಯ್ಯೋ ಮಂಕೆ, ಸಾವಿರದ ಹತ್ತೊಂಬತ್ತು ಅವಿಭಾಜ್ಯ ಸಂಖ್ಯೆ! ಒಂದು ಬಿಟ್ರೆ ತಾನು. ಬೇರೆ ಯಾವುದರಿಂದ್ಲೂ ಭಾಗ ಆಗಲ್ಲ.”

“ಅಂದ್ರೆ?”

“ಅಷ್ಟನ್ನೂ ಒಂದೇ ಸಾಲಿಗೆ ಹಾಕ್ಬೇಕು. ಎಂಥಾ ಸ್ವಾಭಿಮಾನಿ ನೋಡು!”

“ಮೇಷ್ಟ್ರೇ, ಹಂಗೆ ಹಾಕಿದ್ರೆ ಕೊನೇ ಕುರ್ಚಿ ಸ್ಮಶಾನದಲ್ಲಿರತ್ತೆ.”

“ಒಳ್ಳೇದೇ. ಅಲ್ಲಿ ಗಲಾಟೆ ಕಮ್ಮಿ.”

ಶಾಲೆಯ ಜೊತೆಗೇ ಬಿಟ್ಟು ಬಂದಿದ್ದ ಲೆಕ್ಕ, ಇಷ್ಟು ವರ್ಷದ ಮೇಲೆ ವಿಳಾಸ ಹುಡುಕಿಕೊಂಡು ಬಂದು ಕತ್ತು ಹಿಡಿದಿತ್ತು.

ಗಡಿಬಿಡಿ ಮನೆಗೆ ಓಡಿದ. ಅತ್ತೆ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದಳು. ಮನೆಗಿದ್ದ ಏಕೈಕ ಕುರ್ಚಿ, ಅವಳ ಸಿಂಹಾಸನ, ಖಾಲಿಯಿತ್ತು. ಹೊತ್ತು ತಂದು ನೀಲಿ ಬಣ್ಣ ಬಳಿದ. ಮೂವತ್ತರ ಸಾಲು, ಮೂವತ್ತನಾಲ್ಕು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಕೈಯ ಬಣ್ಣ ತೊಳೆಯಲು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಧಣಿ ಬಂದು ನಿಂತಿದ್ದರು.

“ಹಿಂದೆ ಅದೇನೋ ಅದು, ಒಂಟಿ ಪಿಶಾಚಿ?”

ಕೊನೆಯ ಸಾಲಿನ ಹಿಂದೆ ಒಂದು ಕುರ್ಚಿ. ಪಕ್ಕದಲ್ಲಿ ಬಡಗಿ, ಮುಖವೆಲ್ಲ ನಗು. “ನೀನು ಒದ್ದಾಡೋದು ನೋಡಕ್ಕಾಗ್ಲಿಲ್ಲ ತಮ್ಮಾ. ಕೈಲಿದ್ದ ಕೆಲಸ ಬಿಟ್ಟು ಕಾಲು ಕೂರಿಸಿ ತಂದಿಟ್ಟೆ. ಈಗ ಸರಿಹೋಯ್ತಲ್ಲ?”

“ಸಾವಿರದ ಇಪ್ಪತ್ತೊಂದು!” ಮೇಷ್ಟ್ರು ಹೆರಿಗೆ ಕೋಣೆಯ ಹೊರಗೆ ನಿಂತ ಅಪ್ಪನಂತೆ ಕುಣಿದರು. “ಇದೂ ಅವಿಭಾಜ್ಯ! ಆ ಸಾವಿರದ ಹತ್ತೊಂಬತ್ತರ ಅವಳಿ ಕಣಯ್ಯಾ, ಅವಳಿ!”

“ಧಣೀ, ಅದರಲ್ಲಿ ಒಂದು ನಮ್ಮನೇದು,” ಎಂದು ಗಡಿಬಿಡಿ ಗೋಗರೆದ.

“ಓಹೋ, ನನ್ನ ಕುರ್ಚಿ ಮನೆಗೆ ಸಾಗಿಸೋಕೆ ಹೊಸ ದಾರಿ! ಯಾವುದು ನಿಂದು, ತೋರ್ಸು,” ಎಂದು ಧಣಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಏನೋ ತಣ್ಣಗಾಯಿತು. ಎದ್ದರು. ಬಿಳಿ ಪ್ಯಾಂಟಿನ ಹಿಂಭಾಗ ಶುಭ್ರ ಆಕಾಶದಂತಿತ್ತು.

“ಅದೇ ಧಣೀ!” ಸಂತೋಷಕ್ಕೆ ಗಡಿಬಿಡಿಯ ಬಾಯಿ ತಡೆಯಲಿಲ್ಲ. “ಅದೇ ನಂದು!”

“ಹೊತ್ಕೋ. ನಡಿ. ನಾಳೆಯಿಂದ ಮುಖ ತೋರಿಸ್ಬೇಡ.”

ಬಡಗಿ ತಾನು ರಿಪೇರಿ ಮಾಡಿದ ಕುರ್ಚಿಯನ್ನು ಆ ಖಾಲಿ ಜಾಗಕ್ಕೆ ಸರಿಸಿದ. ಸಾಲು ಮತ್ತೆ ಸಮವಾಯಿತು.

“ಭಾಗ ಆಯ್ತು!” ಮೇಷ್ಟ್ರು ಒಳಗಿನಿಂದ ಚಪ್ಪಾಳೆ ತಟ್ಟಿದರು. “ಶೇಷ ಸೊನ್ನೆ!”

ಶೇಷ, ಅತ್ತೆಯ ನೀಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ರಸ್ತೆ ದಾಟುತ್ತಿತ್ತು.